‘ಏನೋ ಒಂದಿಷ್ಟು ಕೊಡ್ಲಿ’ ಅನ್ನುವ ಬೆಲೆ

2025ರ ದೀಪಾವಳಿಗೆ ನಾವು ಮೂವರು ಮಕ್ಕಳೂ ಹಾಸನದ ಮನೆಯಲ್ಲಿ ಸೇರಿದ್ದೆವು. ಬಲಿಪಾಡ್ಯಮಿಯ ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ ಅಮ್ಮ ಮಾತು ತೆಗೆದರು. ‘ಈ ಮನೇನ ತಮ್ಮಂಗೇ ಬರ್ಕೊಟ್ಬಿಡ್ತೀನಿ ಕಣ್ರೋ. ಜತೇಲಿರೋನು ಅವ್ನೇ. ಬಿಟ್ಟಿ ಬೇಡ, ಏನೋ ಒಂದಿಷ್ಟು ಕೊಡ್ಲಿ. ನನ್ ಕೈಲೂ ನಾಕ್ ಕಾಸ್ ಇರ್ಲಿ.’

ಅಮ್ಮ ನಿವೃತ್ತ ಶಿಕ್ಷಕಿ. 2005ರಲ್ಲಿ ಪಿಎಫ್ ಹಣಕ್ಕೆ ಇನ್ನಷ್ಟು ಸಾಲ ಸೇರಿಸಿ, 12 ಲಕ್ಷಕ್ಕೆ ತಮ್ಮ ಹೆಸರಿನಲ್ಲೇ ಕೊಂಡ ಮನೆ ಅದು. ಈಗ ಆ ಬೀದಿಯಲ್ಲಿ ಅಂಥ ಮನೆ 85 ಲಕ್ಷಕ್ಕೆ ಕಮ್ಮಿ ಸಿಗುವುದಿಲ್ಲ. ತಮ್ಮನ ಹತ್ತಿರ ಕೂಡಿಟ್ಟ 18 ಲಕ್ಷ ಇತ್ತು. ‘ಹದಿನೆಂಟಕ್ಕೇ ಕ್ರಯ ಮಾಡಿಸಿಬಿಡೋಣ’ ಎಂದು ಅವತ್ತೇ ತೀರ್ಮಾನವಾಯಿತು. ಪತ್ರ ಬರೆಯುವವರು ಮರುವಾರವೇ ಕರಡು ಸಿದ್ಧಮಾಡಿ ಕಳಿಸಿದರು.

ಆ ಕರಡಿಗೆ ಅಮ್ಮ ಸಹಿ ಹಾಕಿದ್ದರೆ ತಮ್ಮ ಕೈಗೆ ಬಾರದ ದುಡ್ಡಿಗೆ ತೆರಿಗೆ ಕಟ್ಟುತ್ತಿದ್ದರು. ಅದೇ ದುಡ್ಡಿಗೆ ಮುಂದೊಂದು ದಿನ ತಮ್ಮನೂ ತೆರಿಗೆ ಕಟ್ಟಬೇಕಾಗುತ್ತಿತ್ತು. ಮನೆಯೊಳಗೆ ಉಳಿಯುವ ಹಕ್ಕಾದರೂ ಅಮ್ಮನಿಗೆ ಇರುತ್ತಿತ್ತೇ ಎಂದರೆ, ಕಾಗದದ ಮೇಲೆ ಅದೂ ಇರುತ್ತಿರಲಿಲ್ಲ. ಪಕ್ಕದ ಬೀದಿಯ ಆಡಿಟರ್ ಒಬ್ಬರು ಕರಡನ್ನು ನೋಡಿ ತಡೆಯದಿದ್ದರೆ ನಮಗೆ ಇದಾವುದೂ ಗೊತ್ತಾಗುತ್ತಿರಲಿಲ್ಲ. ತಂದೆತಾಯಿಯ ಮನೆಯನ್ನು ಮಕ್ಕಳು ಕಮ್ಮಿ ಬೆಲೆಗೆ ಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ನಾವು ಮಾಡಲು ಹೊರಟಿದ್ದ ತಪ್ಪನ್ನು ಇನ್ನೊಂದು ಮನೆಯವರು ಮಾಡದಿರಲಿ ಎಂದು ಈ ವಾರ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಪರಿಹಾರವಾಗಬೇಕು. ಒಂದು ಮನೆಗೆ ಎರಡು ಬೆಲೆ ಇರುತ್ತವೆ. ಒಂದು, ಪೇಟೆಯಲ್ಲಿ ಕೊಳ್ಳುವವರು ಕೊಡುವ ಬೆಲೆ. ಇನ್ನೊಂದು, ಸರ್ಕಾರ ಬೀದಿಬೀದಿಗೂ ಗೊತ್ತುಮಾಡಿರುವ ಮಾರ್ಗಸೂಚಿ ಬೆಲೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಗೈಡೆನ್ಸ್ ವ್ಯಾಲ್ಯೂ ಅನ್ನುವುದು ಇದಕ್ಕೇ. ಕರ್ನಾಟಕದಲ್ಲಿ ಇದು ಹಿಂದೆ ಪೇಟೆ ಬೆಲೆಗಿಂತ ತೀರಾ ಕೆಳಗಿರುತ್ತಿತ್ತು. 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಪರಿಷ್ಕರಣೆಯಾದ ಮೇಲೆ ಅಂತರ ಬಹಳ ಕಡೆ ಕಿರಿದಾಗಿದೆ. ನಮ್ಮ ಮನೆಗೆ ಅದು 56 ಲಕ್ಷ. ಅಮ್ಮ 85 ಲಕ್ಷದ ಮನೆಯನ್ನು 56 ಲಕ್ಷಕ್ಕೆ ಮಗನಿಗೆ ಮಾರಿದ್ದರೆ ಕೇಳುವವರೇ ಇರಲಿಲ್ಲ. ಪೇಟೆ ಬೆಲೆಗಿಂತ ಕಮ್ಮಿಗೆ ಮಾರುವುದು ತಪ್ಪಲ್ಲ. ತೊಡಕು ಶುರುವಾಗುವುದು ಕ್ರಯದ ಮೊತ್ತ ಮಾರ್ಗಸೂಚಿ ಬೆಲೆಯ ಕೆಳಗೆ ಇಳಿದಾಗ.

ಅಲ್ಲಿಂದ ಮುಂದೆ ಸರ್ಕಾರದ ಎರಡು ಇಲಾಖೆಗಳು ಎರಡು ಲೆಕ್ಕ ಹಾಕುತ್ತವೆ. ನೋಂದಣಿ ಇಲಾಖೆಯ ಲೆಕ್ಕ ಸರಳ. ಪತ್ರದಲ್ಲಿ ನೀವು 18 ಲಕ್ಷ ಎಂದು ಬರೆದರೂ ಮುದ್ರಾಂಕ ಶುಲ್ಕವನ್ನು 56 ಲಕ್ಷದ ಮೇಲೇ ಕಟ್ಟಬೇಕು. ಶೇ 5ರ ಶುಲ್ಕ, ಅದರ ಮೇಲಿನ ಸೆಸ್ಸು ಸರ್‌ಚಾರ್ಜು ಸೇರಿ ಪಟ್ಟಣದಲ್ಲಿ ಶೇ 5.6. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಎಲ್ಲ ಸೇರಿ ಶೇ 7.6. ಅಂದರೆ 18 ಲಕ್ಷದ ಮನೆ ಕೊಳ್ಳುವುದಕ್ಕೆ ತಮ್ಮ 4 ಲಕ್ಷ 25 ಸಾವಿರಕ್ಕಿಂತ ಹೆಚ್ಚು ಶುಲ್ಕ ತೆರಬೇಕಿತ್ತು. ಕಮ್ಮಿ ಬೆಲೆ ತೋರಿಸಿದರೆ ಶುಲ್ಕ ಉಳಿಯುತ್ತದೆ ಎಂದು ನಂಬಿದವರು ಈಗಲೂ ಇದ್ದಾರೆ. ಉಳಿಯುವುದಿಲ್ಲ. ಪಟ್ಟು ಹಿಡಿದರೆ ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಎ ಕಲಮಿನಡಿ ಪತ್ರ ಜಿಲ್ಲಾ ನೋಂದಣಾಧಿಕಾರಿಯ ಮುಂದೆ ಹೋಗಿ ಕೂರುತ್ತದೆ.

ಆದಾಯ ತೆರಿಗೆಯ ಲೆಕ್ಕ ಬೇರೆಯೇ. ನಮ್ಮ ಕಣ್ಣು ತೆರೆಸಿದ್ದು ಅದು.

ತೆರಿಗೆ ಕಾನೂನು ಕೊಳ್ಳುವವರನ್ನೂ ಮಾರುವವರನ್ನೂ ಬೇರೆಬೇರೆಯಾಗಿ ನೋಡುತ್ತದೆ. ಕಮ್ಮಿ ಬೆಲೆಗೆ ಆಸ್ತಿ ಕೊಂಡವರಿಗೆ ಉಳಿದ ಮೊತ್ತವನ್ನು ವರಮಾನವೆಂದೇ ಪರಿಗಣಿಸಿ ತೆರಿಗೆ ಹಾಕುವ ಕಲಮು ಇದೆ. 1961ರ ಕಾಯ್ದೆಯಲ್ಲಿ ಅದು 56(2)(ಎಕ್ಸ್). ಆದರೆ ಕೊಟ್ಟವರು ‘ಸಂಬಂಧಿ’ಯಾದರೆ ಇದು ಅನ್ವಯವಾಗದು. ತಂದೆ, ತಾಯಿ, ಅಜ್ಜ, ಅಜ್ಜಿ, ಒಡಹುಟ್ಟಿದವರು, ಗಂಡ ಹೆಂಡತಿ, ಅವರ ಕಡೆಯವರು, ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಹಾಗಾಗಿ 56 ಲಕ್ಷದ ಮನೆಯನ್ನು 18ಕ್ಕೆ ಕೊಂಡ ಮಗನಿಗೆ ಆ ವರ್ಷ ತೆರಿಗೆ ಇಲ್ಲ. ಜನರ ಕಿವಿಗೆ ಬಿದ್ದಿರುವುದು ಇಷ್ಟೇ. ‘ಅಪ್ಪ ಮಕ್ಕಳ ನಡುವೆ ಏನೂ ಟ್ಯಾಕ್ಸಿಲ್ಲ’ ಎಂಬ ಮಾತು ಹುಟ್ಟಿದ್ದೂ ಇಲ್ಲಿಂದಲೇ.

ಮಾರಿದ ತಾಯಿಗೆ ಮಾತ್ರ ಈ ರಿಯಾಯಿತಿ ಇಲ್ಲ. 1961ರ ಅದೇ ಕಾಯ್ದೆಯಲ್ಲಿ 50-ಸಿ ಎಂಬ ಕಲಮು 2003ರಲ್ಲಿ ಜಾರಿಗೆ ಬಂತು. ಜಾಗ ಅಥವಾ ಕಟ್ಟಡವನ್ನು ಮಾರ್ಗಸೂಚಿ ಬೆಲೆಗಿಂತ ಕಮ್ಮಿಗೆ ಮಾರಿದರೆ, ಮಾರ್ಗಸೂಚಿ ಬೆಲೆಯೇ ನಿಮ್ಮ ಕೈಗೆ ಬಂತೆಂದು ತಿಳಿದು ಬಂಡವಾಳ ಲಾಭ ಎಣಿಸಬೇಕು ಎನ್ನುತ್ತದೆ ಅದು. ಕೊಂಡವರು ಪರಕೀಯರೋ ಹೊಟ್ಟೆಯ ಮಗನೋ ಎಂದು ಅದು ಕೇಳುವುದಿಲ್ಲ. ಈಗ ಶೇ 10ರಷ್ಟು ಅಂತರಕ್ಕೆ ಮಾಫಿ ಇದೆ. 56 ಲಕ್ಷದ ಮನೆಯ ಕ್ರಯ ಸುಮಾರು 50 ಲಕ್ಷ 91 ಸಾವಿರದ ಮೇಲಿದ್ದರೆ ತೊಂದರೆಯಿಲ್ಲ. 18 ಲಕ್ಷ ಆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ.

ಆಡಿಟರ್ ನಮ್ಮೆದುರೇ ಹಾಳೆಯ ಮೇಲೆ ಲೆಕ್ಕ ಹಾಕಿದರು. 2024ರ ಜುಲೈ 23ರ ನಂತರ ಮನೆ ಮಾರಿದರೆ ದೀರ್ಘಾವಧಿ ಲಾಭದ ಮೇಲೆ ಶೇ 12.5 ತೆರಿಗೆ, ಹಣದುಬ್ಬರದ ಹೊಂದಾಣಿಕೆ ಇಲ್ಲ. ಆದರೆ ಆ ದಿನಕ್ಕೆ ಮೊದಲೇ ಕೊಂಡ ಆಸ್ತಿಯಾದರೆ, ದೇಶದಲ್ಲೇ ನೆಲೆಸಿರುವವರು ಹಳೆಯ ಪದ್ಧತಿಯಂತೆ ಹಣದುಬ್ಬರ ಹೊಂದಿಸಿ ಶೇ 20ರ ಲೆಕ್ಕವನ್ನೂ ಹಾಕಿ, ಯಾವುದು ಕಮ್ಮಿಯೋ ಅದನ್ನು ಕಟ್ಟಬಹುದು. 2005-06ರ ಸೂಚ್ಯಂಕ 117, 2025-26ರದು 376. ಅಮ್ಮ ಅಂದು ಕೊಟ್ಟ 12 ಲಕ್ಷ ಇಂದಿನ ಲೆಕ್ಕದಲ್ಲಿ 38 ಲಕ್ಷ 56 ಸಾವಿರವಾಯಿತು. 56ರಲ್ಲಿ ಅದನ್ನು ಕಳೆದರೆ ‘ಲಾಭ’ 17 ಲಕ್ಷ 44 ಸಾವಿರ. ತೆರಿಗೆ, ಸೆಸ್ಸು ಸೇರಿ ಸುಮಾರು 3 ಲಕ್ಷ 63 ಸಾವಿರ. ಇನ್ನೊಂದು ದಾರಿಯಲ್ಲಿ 5 ಲಕ್ಷ 72 ಸಾವಿರವಾಗುತ್ತಿತ್ತು.

ನಿಜದಲ್ಲಿ ಅಮ್ಮನಿಗೆ ಬರುತ್ತಿದ್ದುದು 18 ಲಕ್ಷ. ಅವರು ಹಾಕಿದ್ದ 12 ಲಕ್ಷ ಕಳೆದರೆ ಉಳಿಯುವುದು 6 ಲಕ್ಷ. ಹಣದುಬ್ಬರ ನೋಡಿದರೆ ಲಾಭದ ಮಾತೇ ಇಲ್ಲ, ನಷ್ಟ. ಆ 6 ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ತೆರಿಗೆಗೆ ಹೋಗುತ್ತಿತ್ತು. ‘ನನ್ ಕೈಲೂ ನಾಕ್ ಕಾಸ್ ಇರ್ಲಿ’ ಎಂದು ಹೊರಟವರ ಕೈಯಿಂದಲೇ ಅದು ಜಾರುತ್ತಿತ್ತು.

ಮೂಲದಲ್ಲೇ ಕಡಿತವಾಗುವ ತೆರಿಗೆಯ ವಿಷಯವೂ ಇಲ್ಲೇ ಬರುತ್ತದೆ. ಕ್ರಯದ ಮೊತ್ತ ಅಥವಾ ಮಾರ್ಗಸೂಚಿ ಬೆಲೆ, ಎರಡರಲ್ಲಿ ಯಾವುದಾದರೂ 50 ಲಕ್ಷ ಮುಟ್ಟಿದರೆ, ಕೊಳ್ಳುವವರು ಶೇ 1 ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಅದೂ ಎರಡರಲ್ಲಿ ದೊಡ್ಡ ಮೊತ್ತದ ಮೇಲೆ. 2022ರ ಏಪ್ರಿಲ್‌ನಿಂದ ನಿಯಮ ಹೀಗಿದೆ. ಅಮ್ಮನಿಗೆ 18 ಲಕ್ಷ ಕೊಡುವ ಮಗ 56 ಸಾವಿರ ಹಿಡಿಯಬೇಕಿತ್ತು. ಮಗ ತಾಯಿಯಿಂದ ಟಿಡಿಎಸ್ ಹಿಡಿಯುವುದು ಯಾರ ತಲೆಗೂ ಹೊಳೆಯುವುದಿಲ್ಲ. ಹೊಳೆಯದಿದ್ದುದಕ್ಕೆ ಬಡ್ಡಿ, ತಡವಾದ ದಿನಕ್ಕಿಷ್ಟೆಂದು ಶುಲ್ಕ, ಎರಡೂ ಬರುತ್ತವೆ.

ನನ್ನನ್ನು ಹೆಚ್ಚು ಕಲಕಿದ್ದು ಇದರ ಮುಂದಿನ ಭಾಗ. ಹತ್ತು ವರ್ಷದ ಮೇಲೆ ತಮ್ಮ ಈ ಮನೆಯನ್ನು ಮಾರುತ್ತಾನೆ ಎಂದಿಟ್ಟುಕೊಳ್ಳಿ. ಅವನ ಲಾಭ ಎಣಿಸುವಾಗ ಮನೆಯ ವೆಚ್ಚ ಎಷ್ಟೆಂದು ಹಿಡಿಯುತ್ತಾರೆ? ಅಮ್ಮ 56 ಲಕ್ಷಕ್ಕೆ ತೆರಿಗೆ ಕಟ್ಟಿದ್ದಾರಲ್ಲ, 56 ಅಂತಲೇ? ಅಲ್ಲ. ಅವನು ಕೊಟ್ಟದ್ದು 18, ಅದರ ಮೇಲೆ ತೆತ್ತ ಶುಲ್ಕ, ಅಷ್ಟೇ. ಮಾರ್ಗಸೂಚಿ ಬೆಲೆಯನ್ನೇ ವೆಚ್ಚವೆಂದು ಹಿಡಿಯಲು, ಕೊಂಡ ವರ್ಷದಲ್ಲಿ ಅಂತರಕ್ಕೆ ಅವನೇ ತೆರಿಗೆ ಕಟ್ಟಿರಬೇಕು. ಸಂಬಂಧಿಯೆಂದು ಅವನಿಗೆ ವಿನಾಯಿತಿ ಸಿಕ್ಕಿತ್ತಲ್ಲ, ಆದ್ದರಿಂದ ಆ ಬಾಗಿಲು ಮುಚ್ಚಿತು. ಇತ್ತ ಇದು ದಾನವೂ ಅಲ್ಲದ್ದರಿಂದ ಅಮ್ಮ ಕೊಂಡ ಕಾಲ, ಅಮ್ಮ ಕೊಟ್ಟ ಬೆಲೆ ಅವನಿಗೆ ಬರುವುದಿಲ್ಲ. ನಡುವಿನ 38 ಲಕ್ಷವನ್ನು ಒಮ್ಮೆ ಅಮ್ಮನ ಲೆಕ್ಕಕ್ಕೆ, ಮತ್ತೊಮ್ಮೆ ಮಗನ ಲೆಕ್ಕಕ್ಕೆ, ಎರಡು ಸಲ ಸೇರಿಸುತ್ತಾರೆ. ಒಂದು ಮನೆಯವರು ಒಬ್ಬರಿಗೊಬ್ಬರು ಬಿಟ್ಟುಕೊಟ್ಟ ಹಣಕ್ಕೆ ಸರ್ಕಾರ ಎರಡು ಬಾರಿ ಕೈಚಾಚುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಕಪ್ಪುಹಣ ತಡೆಯಲು ತಂದ ಕಲಮು ಪ್ರಾಮಾಣಿಕವಾಗಿ ಚೆಕ್ಕಿನಲ್ಲಿ ವ್ಯವಹಾರ ಮಾಡುವ ತಾಯಿ ಮಕ್ಕಳ ಮೇಲೂ ಬೀಳುತ್ತಿದೆ. 56(2)(ಎಕ್ಸ್)ನಲ್ಲಿ ಸಂಬಂಧಿಗಳಿಗೆ ಕೊಟ್ಟ ವಿನಾಯಿತಿಯನ್ನು 50-ಸಿಯಲ್ಲೂ ಕೊಟ್ಟಿದ್ದರೆ ಆಗುತ್ತಿತ್ತು. 2026ರ ಏಪ್ರಿಲ್ 1ರಿಂದ ಜಾರಿಯ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆ. ಈ ನಿಯಮದ ತಿರುಳು ಮಾತ್ರ ಬದಲಾಗಿಲ್ಲ.

ಹಾಗಾದರೆ ದಾನಪತ್ರ ಮಾಡಿಸಿದರಾಯಿತಲ್ಲ ಎಂದು ಅಕ್ಕ ಕೇಳಿದಳು. ತೆರಿಗೆಯ ಕಡೆಯಿಂದ ನೋಡಿದರೆ ಅದಕ್ಕಿಂತ ಹಗುರವಾದ ದಾರಿ ಇಲ್ಲ. ದಾನ ಕೊಟ್ಟರೆ ಅದು ತೆರಿಗೆಯ ಅರ್ಥದಲ್ಲಿ ವರ್ಗಾವಣೆಯೇ ಅಲ್ಲ, ಅಮ್ಮನಿಗೆ ಬಂಡವಾಳ ಲಾಭವಿಲ್ಲ. ಪಡೆದ ಮಗನಿಗೂ ತೆರಿಗೆ ಇಲ್ಲ. ಮುಂದೆ ಮಾರಿದಾಗ ಅಮ್ಮ ಕೊಟ್ಟ 12 ಲಕ್ಷವೇ ಅವನ ವೆಚ್ಚ, ಅಮ್ಮ ಇಟ್ಟುಕೊಂಡ ವರ್ಷಗಳೂ ಅವನ ಲೆಕ್ಕಕ್ಕೆ ಸೇರುತ್ತವೆ. ತೆರಿಗೆ ಇಲ್ಲವಾಗುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಕರ್ನಾಟಕದಲ್ಲಿ ತಂದೆತಾಯಿ ಮಕ್ಕಳಿಗೆ ಕೊಡುವ ದಾನಕ್ಕೆ ಶೇಕಡಾವಾರು ಮುದ್ರಾಂಕ ಶುಲ್ಕವೂ ಇಲ್ಲ. ದೊಡ್ಡ ನಗರದಲ್ಲೂ ಕೆಲವು ಸಾವಿರ ರೂಪಾಯಿಯ ನಿಗದಿತ ಮೊತ್ತದಲ್ಲಿ ಮುಗಿಯುತ್ತದೆ. ನಾಲ್ಕೂಕಾಲು ಲಕ್ಷದ ಎದುರು ಕೆಲವು ಸಾವಿರ.

ಆದರೆ ದಾನವೆಂದರೆ ಪ್ರತಿಫಲವಿಲ್ಲದೆ ಕೊಡುವುದು. ಆಸ್ತಿ ವರ್ಗಾವಣೆ ಕಾಯ್ದೆಯ 122ನೇ ಕಲಮು ಹೇಳುವುದು ಅದನ್ನೇ. ಪತ್ರದಲ್ಲಿ ‘ಪ್ರೀತಿ ವಿಶ್ವಾಸದಿಂದ’ ಎಂದು ಬರೆದು, ಹಿಂದಿನ ಬಾಗಿಲಿನಿಂದ 18 ಲಕ್ಷ ಕೊಡುವುದು ದಾನವಾಗುವುದಿಲ್ಲ. ‘ಹಾಗೆ ಮಾಡುವವರಿದ್ದಾರೆ, ನೀವು ಮಾಡಬೇಡಿ’ ಎಂದರು ಆಡಿಟರ್. ಮುಂದೆ ತಕರಾರಾದ ದಿನ ಬ್ಯಾಂಕ್ ಪಾಸ್‌ಬುಕ್ಕೇ ನಿಮ್ಮ ಪತ್ರದ ವಿರುದ್ಧ ಸಾಕ್ಷಿಯಾಗುತ್ತದೆ. ಇದಕ್ಕೆ ಉಲ್ಟಾ ಮಾಡುವವರೂ ಇದ್ದಾರೆ: ಕ್ರಯವೆಂದು ಬರೆದು ಒಂದು ಕಾಸೂ ಕೊಡದಿರುವುದು. 2021ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಒಂದು ಕುಟುಂಬದ ಪ್ರಕರಣ ನೋಡಿತು. ಅಣ್ಣತಮ್ಮಂದಿರಲ್ಲಿ ಒಬ್ಬರು ಇನ್ನೊಬ್ಬರ ಅಧಿಕಾರ ಪತ್ರ ಹಿಡಿದು ತಮ್ಮ ಹೆಂಡತಿ ಮಕ್ಕಳ ಹೆಸರಿಗೆ ಕೆಲವು ಸಾವಿರ ರೂಪಾಯಿ ಬೆಲೆ ಕಾಣಿಸಿ ಕ್ರಯ ಮಾಡಿದ್ದರು. ಹಣ ಕೊಟ್ಟದ್ದಕ್ಕೆ ಪುರಾವೆ ಇರಲಿಲ್ಲ. ಬೆಲೆ ಕೊಡದ, ಕೊಡುವ ಮಾತೂ ಇಲ್ಲದ ಮಾರಾಟ ಕಾನೂನಿನಲ್ಲಿ ಮಾರಾಟವೇ ಅಲ್ಲ ಎಂದು ಕೋರ್ಟ್ ಹೇಳಿತು.

ಬೆಲೆ ಕಮ್ಮಿಯಾದರೆ ಮಾರಾಟ ಬಿದ್ದುಹೋಗುತ್ತದೆಯೇ ಎಂದು ಕೆಲವರು ಹೆದರುತ್ತಾರೆ. ಬೀಳುವುದಿಲ್ಲ. ಒಪ್ಪಿ ಕೊಟ್ಟ ಬೆಲೆ ಕಮ್ಮಿ ಎಂಬ ಒಂದೇ ಕಾರಣಕ್ಕೆ ಕರಾರು ಅನೂರ್ಜಿತವಲ್ಲ ಎಂದು ಕರಾರು ಕಾಯ್ದೆಯ 25ನೇ ಕಲಮಿನ ವಿವರಣೆಯಲ್ಲೇ ಇದೆ. ಆದರೆ ಅದೇ ವಿವರಣೆ ಇನ್ನೊಂದು ಮಾತು ಸೇರಿಸುತ್ತದೆ. ಒಪ್ಪಿಗೆ ನಿಜವಾಗಿಯೂ ಸ್ವಇಚ್ಛೆಯದೇ ಎಂದು ತೂಗುವಾಗ ಕೋರ್ಟ್ ಆ ಕಮ್ಮಿ ಬೆಲೆಯನ್ನು ಗಮನಕ್ಕೆ ತೆಗೆದುಕೊಳ್ಳಬಹುದು. ಎಂಬತ್ತು ದಾಟಿದ ತಾಯಿ, ಜೊತೆಯಲ್ಲೇ ಇರುವ ಮಗ, ಕಾಲುಭಾಗಕ್ಕಿಂತ ಕಮ್ಮಿ ಬೆಲೆ. ನಾಳೆ ಒಡಹುಟ್ಟಿದವರೊಬ್ಬರು ‘ಅಮ್ಮನ ಮೇಲೆ ಒತ್ತಡ ಹಾಕಿ ಬರೆಸಿಕೊಂಡ’ ಎಂದು ನಿಂತರೆ ಈ ಮೂರೂ ಸಂಗತಿಗಳು ಅವರ ಕಡೆಗೆ ವಾಲುತ್ತವೆ. ದುಡ್ಡು ಬ್ಯಾಂಕಿನ ಮೂಲಕವೇ ಹೋಗಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20 ಸಾವಿರ ಅಥವಾ ಹೆಚ್ಚಿನ ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು, 2015ರ ಜೂನ್‌ನಿಂದ ನಿಯಮವಿದೆ.

ಒಡಹುಟ್ಟಿದವರ ಮಾತು ಬಂತು. ನಮ್ಮ ಅಮ್ಮನ ಮನೆ ಅವರ ಸ್ವಯಾರ್ಜಿತ. ಯಾರಿಗೆ ಬೇಕಾದರೂ, ಎಷ್ಟಕ್ಕೆ ಬೇಕಾದರೂ ಕೊಡಬಹುದು, ನನ್ನ ಸಹಿಯೂ ಬೇಡ ಅಕ್ಕನ ಸಹಿಯೂ ಬೇಡ. ಪಿತ್ರಾರ್ಜಿತ ಆಸ್ತಿಯ ಕಥೆ ಹಾಗಲ್ಲ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹುಟ್ಟಿನ ಹಕ್ಕು. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಇದನ್ನು ಕೊಟ್ಟಿತ್ತು, 2005ರ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. ಅಂಥ ಆಸ್ತಿಯನ್ನು ತಂದೆಯೊಬ್ಬರೇ ಒಬ್ಬ ಮಗನಿಗೆ ಅಗ್ಗಕ್ಕೆ ಬರೆದುಕೊಡುವಂತಿಲ್ಲ. ಪ್ರೀತಿಯಿಂದ ದಾನ ಕೊಡುವಂತೆಯೂ ಇಲ್ಲ. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ, 1980ರಲ್ಲಿ ಬರೆದಿದ್ದ ದಾನಪತ್ರವನ್ನು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಒಪ್ಪಲಿಲ್ಲ. ‘ಪ್ರೀತಿ ವಿಶ್ವಾಸ’ ಎಂಬುದು ಒಟ್ಟುಕುಟುಂಬದ ಆಸ್ತಿಯನ್ನು ದಾನ ಮಾಡಲು ತಕ್ಕ ಧರ್ಮಕಾರ್ಯವಲ್ಲ ಎಂದಿತು. ಬರೆದು ನಲವತ್ತೆರಡು ವರ್ಷದ ಮೇಲೆ ಬಿದ್ದ ಪತ್ರ ಅದು. ನಿಮ್ಮ ಆಸ್ತಿ ಯಾವ ಬಗೆಯದು ಎಂಬುದನ್ನು ಬೆಲೆಯ ಮಾತಿಗೆ ಮೊದಲೇ ವಕೀಲರ ಹತ್ತಿರ ಮೂಲಪತ್ರ ಇಟ್ಟು ಕೇಳಿಕೊಳ್ಳಬೇಕು.

ಸ್ವಯಾರ್ಜಿತವಾದರೆ ಕಾನೂನು ಸುಮ್ಮನಿರುತ್ತದೆ, ಮನಸ್ಸು ಸುಮ್ಮನಿರುವುದಿಲ್ಲ. ದೀಪಾವಳಿಯ ಆ ಮಧ್ಯಾಹ್ನ ಅಕ್ಕ ಒಂದು ಮಾತೂ ಆಡಿರಲಿಲ್ಲ. ವಾರದ ಮೇಲೆ ಫೋನು ಮಾಡಿ, ‘ಅವ್ನಿಗೆ ಕೊಡೋದು ನಂಗೂ ಇಷ್ಟಾನೇ. ಆದ್ರೆ ನಾವಿಬ್ರೂ ಎಷ್ಟು ಬಿಟ್ಕೊಡ್ತಿದೀವಿ ಅಂತ ಒಂದ್ಸಲ ಎಲ್ರಿಗೂ ಗೊತ್ತಾಗ್ಲಿ’ ಎಂದಳು. ನನಗೆ ಮೊದಲು ಇರಿಸುಮುರಿಸಾಯಿತು. ಯೋಚಿಸಿದಷ್ಟೂ ಅವಳದೇ ಸರಿ ಅನಿಸಿತು. 85 ಲಕ್ಷದ ಮನೆಯನ್ನು 18ಕ್ಕೆ ಕೊಟ್ಟರೆ 67 ಲಕ್ಷ ಒಬ್ಬನ ಪಾಲಿಗೆ ಹೋಗುತ್ತದೆ. ಅಮ್ಮನ ಕಾಲಾನಂತರ ಮೂವರಿಗೂ ಸಮವಾಗಿ ಬರಬಹುದಾಗಿದ್ದ ಮೊತ್ತ ಅದು. ಹೆಣ್ಣುಮಕ್ಕಳು ಅರಿಸಿನ ಕುಂಕುಮಕ್ಕೆಂದು ಒಂದು ಸೀರೆ ಇಸಿದುಕೊಂಡು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೋಗುತ್ತಿದ್ದುದನ್ನು ನಾವೆಲ್ಲ ನೋಡಿದ್ದೇವೆ. ಆ ಸೀರೆಯ ಎದುರು ಎಷ್ಟು ಹೋಯಿತು ಎಂದು ಯಾರೂ ಅವರಿಗೆ ಹೇಳಲಿಲ್ಲ. ಬಿಟ್ಟುಕೊಡುವುದಾದರೂ ಅಂಕಿ ತಿಳಿದು ಬಿಟ್ಟುಕೊಡುವುದಕ್ಕೆ ಒಂದು ಘನತೆಯಿದೆ. ಮುಂದಿನ ಭಾನುವಾರ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಲ್ಲ ಬರೆದೆವು: ಪೇಟೆ ಬೆಲೆ, ಮಾರ್ಗಸೂಚಿ ಬೆಲೆ, ತಮ್ಮ ಹದಿಮೂರು ವರ್ಷ ಅಮ್ಮನ ಆಸ್ಪತ್ರೆ ಔಷಧಿ ನೋಡಿಕೊಂಡದ್ದು, ಮಾಳಿಗೆ ರಿಪೇರಿಗೆ ಹಾಕಿದ್ದು, ಅಕ್ಕನ ಮದುವೆಗೂ ನನ್ನ ಓದಿಗೂ ಅಮ್ಮ ಖರ್ಚು ಮಾಡಿದ್ದು. ಎಲ್ಲಕ್ಕೂ ಬೆಲೆ ಕಟ್ಟಲಾಗಲಿಲ್ಲ. ಆದರೆ ಆ ಹಾಳೆಗೆ ನಾಲ್ವರೂ ಸಹಿ ಹಾಕಿದೆವು. ಕಾನೂನು ಕೇಳದ ಆ ಹಾಳೆಯೇ ನಮ್ಮ ನಡುವೆ ಇರುವ ಎಲ್ಲಕ್ಕಿಂತ ಗಟ್ಟಿ ಕಾಗದ ಎಂದು ನನ್ನ ನಂಬಿಕೆ.

ಕೊನೆಗೆ ಕಂಡ ದಾರಿ ಇದು. ಮನೆಯನ್ನು ಪತ್ರದ ಮೇಲೆ ಮೂರು ಪಾಲೆಂದು ಎಣಿಸಿ, ವಿಭಾಗವಾಗದ ಒಂದು ಪಾಲನ್ನು ಅದರ ಪೂರ್ತಿ ಮಾರ್ಗಸೂಚಿ ಬೆಲೆಗೆ, ಅಂದರೆ 18 ಲಕ್ಷ 67 ಸಾವಿರಕ್ಕೆ, ಅಮ್ಮ ತಮ್ಮನಿಗೆ ಮಾರುವುದು. ಉಳಿದ ಎರಡು ಪಾಲನ್ನು ಬೇರೆ ಪತ್ರದಲ್ಲಿ ದಾನ ಕೊಡುವುದು. ಮಾರಿದ ಪಾಲಿಗೆ ಪೂರ್ತಿ ಬೆಲೆ ಬಂದದ್ದರಿಂದ 50-ಸಿಗೆ ಕೆಲಸವಿಲ್ಲ. ಲಾಭವೂ ಮೂರನೇ ಒಂದು, ಅಮ್ಮನ ತೆರಿಗೆ ಸುಮಾರು 1 ಲಕ್ಷ 21 ಸಾವಿರಕ್ಕೆ ಇಳಿಯಿತು. ಟಿಡಿಎಸ್‌ನ 50 ಲಕ್ಷದ ಮಿತಿ ದೂರವೇ ಉಳಿಯಿತು. ಶೇಕಡಾವಾರು ಮುದ್ರಾಂಕ ಶುಲ್ಕ ಆ ಒಂದು ಪಾಲಿಗೆ ಮಾತ್ರ. ನಡೆದದ್ದೂ ಹಾಗೆಯೇ, ಬರೆದದ್ದೂ ಹಾಗೆಯೇ: ಇಷ್ಟಕ್ಕೆ ಹಣ ಬಂತು, ಇಷ್ಟನ್ನು ಸುಮ್ಮನೆ ಕೊಟ್ಟೆ. ಎಲ್ಲರಿಗೂ ಇದೇ ಸರಿ ಎಂದು ನಾನು ಹೇಳಲಾರೆ. ತಂದೆತಾಯಿಗೆ ಹಣದ ಅಗತ್ಯವೇ ಇಲ್ಲದಿದ್ದರೆ ಪೂರ್ತಿ ದಾನ ಸಾಕು. ಮಗ ಸಾಲ ಮಾಡಿ ಕೊಳ್ಳುವುದಾದರೆ ಬ್ಯಾಂಕು ಪಾಲಿನ ಕ್ರಯಕ್ಕೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತದೆ, ಮಾರ್ಗಸೂಚಿ ಬೆಲೆಗೇ ಪೂರ್ತಿ ಮಾರುವುದು ಮೇಲು. ಮನೆ ಹಳತಾಗಿ, ಮಾರ್ಗಸೂಚಿ ಬೆಲೆಯೇ ನಿಜ ಬೆಲೆಗಿಂತ ಜಾಸ್ತಿಯಾಗಿದ್ದರೆ, ಆದಾಯ ತೆರಿಗೆ ಅಧಿಕಾರಿಯ ಮುಂದೆ ಅದನ್ನು ಹೇಳಿ ಮೌಲ್ಯಮಾಪನಕ್ಕೆ ಕಳಿಸಲು ಕೇಳುವ ಹಕ್ಕೂ ಇದೆ. ಯಾವ ದಾರಿಯಾದರೂ ಪತ್ರ ಬರೆಯುವವರಿಗಿಂತ ಮೊದಲು ಆಡಿಟರ್ ಮನೆಗೆ ಹೋಗಿ.

ಅಮೆರಿಕದಲ್ಲಿರುವ ಕನ್ನಡದ ಮಕ್ಕಳು ಇಲ್ಲಿನ ಮನೆ ಕೊಳ್ಳುವುದಾದರೆ ಒಂದು ಮಾತು ಕಿವಿಯಲ್ಲಿರಲಿ. ಅಲ್ಲಿ ತೆರಿಗೆ ಕಟ್ಟುವವರು ವಿದೇಶದಲ್ಲಿರುವ ತಂದೆತಾಯಿಯಿಂದ ವರ್ಷಕ್ಕೆ 1 ಲಕ್ಷ ಡಾಲರ್ ಮೀರಿದ ಉಡುಗೊರೆ ಪಡೆದರೆ 3520 ಎಂಬ ನಮೂನೆ ಸಲ್ಲಿಸಬೇಕು. ತೆರಿಗೆ ಇಲ್ಲ, ತಿಳಿಸದಿದ್ದರೆ ದಂಡ ಮಾತ್ರ ಭಾರಿ. ಬೆಲೆಯಲ್ಲಿ ಬಿಟ್ಟುಕೊಟ್ಟದ್ದನ್ನೂ ಅಲ್ಲಿ ಉಡುಗೊರೆಯೆಂದೇ ಎಣಿಸುತ್ತಾರೆ.

ಇಷ್ಟೆಲ್ಲ ತೆರಿಗೆಯ ಮಾತಾಯಿತು. ನಮ್ಮ ಮೊದಲ ಕರಡಿನ ದೊಡ್ಡ ತಪ್ಪು ತೆರಿಗೆಯದಲ್ಲ. ಅದರಲ್ಲಿ ಚೆಕ್ಕುಬಂದಿ ಇತ್ತು, ಅಳತೆ ಇತ್ತು, ‘ಇಂದಿನಿಂದ ಸದರಿ ಸ್ವತ್ತಿನ ಮೇಲೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ’ ಎಂಬ ಸಾಲೂ ಇತ್ತು. ಅಮ್ಮ ಎಲ್ಲಿರಬೇಕು ಎಂಬುದು ಒಂದು ಕಡೆಯೂ ಇರಲಿಲ್ಲ. ತಮ್ಮ ಒಳ್ಳೆಯವನು, ಆ ಮಾತು ಬೇರೆ. ಆಸ್ತಿ ಒಬ್ಬ ಒಳ್ಳೆಯವನ ಹೆಸರಿನಲ್ಲೇ ಕೊನೆಯವರೆಗೂ ಇರುತ್ತದೆ ಎಂದು ಯಾರು ಹೇಳಬೇಕು? ಅವನಿಗೇ ಏನಾದರೂ ಆದರೆ? ಸಾಲಕ್ಕೆ ಜಾಮೀನು ನಿಂತು ಮನೆ ಜಪ್ತಿಯಾದರೆ?

ಹಿರಿಯರಿಗೆ ಒಂದು ಆಸರೆ ಇದೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯ 23ನೇ ಕಲಮು. ಅರವತ್ತು ದಾಟಿದವರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನವಾಗಿಯೋ ಬೇರೆ ರೀತಿಯಲ್ಲೋ ಆಸ್ತಿ ಕೊಟ್ಟು, ಪಡೆದವರು ಮಾತು ತಪ್ಪಿದರೆ, ಆ ವರ್ಗಾವಣೆಯನ್ನು ರದ್ದುಗೊಳಿಸುವಂತೆ ಕೇಳಬಹುದು. ನಮ್ಮಲ್ಲಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕು. ತೊಡಕಿರುವುದು ‘ಷರತ್ತಿನ ಮೇಲೆ’ ಎಂಬ ಮಾತಿನಲ್ಲಿ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಷರತ್ತು ಇದ್ದುದು ಸಾಬೀತಾಗದಿದ್ದರೆ ಈ ಕಲಮು ನೆರವಿಗೆ ಬಾರದು ಎಂದಿತು. 2025ರ ಜನವರಿ 2ರಂದು ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಕಾಯ್ದೆಯನ್ನು ಉದಾರವಾಗಿ ಓದಿ, ದಾನಪತ್ರದ ಜೊತೆಗೆ ಮಗ ಬರೆದುಕೊಟ್ಟಿದ್ದ ವಚನಪತ್ರವನ್ನೂ ಸೇರಿಸಿ ನೋಡಿ, ಮನೆಯನ್ನು ತಾಯಿಗೆ ಮರಳಿಸಿತು. ಆ ತಾಯಿಯನ್ನು ಕಾಪಾಡಿದ್ದು ಒಂದು ಹಾಳೆ ಬರಹ. ನಿಮ್ಮ ತಂದೆತಾಯಿಯ ಪತ್ರದಲ್ಲಿ ಆ ಬರಹ ಇದೆಯೇ ಎಂದು ಮಕ್ಕಳೇ ಮುಂದೆ ನಿಂತು ನೋಡಬೇಕು. ತಾಯಿ ಕೇಳುವುದಿಲ್ಲ. ಮಗನ ಮುಂದೆ ಷರತ್ತು ಹಾಕುವುದು ತಮ್ಮ ಪ್ರೀತಿಗೆ ಕುಂದು ಎಂದು ತಿಳಿಯುತ್ತಾರೆ.

ಕೊಟ್ಟ ಮೇಲೂ ಬದುಕಿರುವವರೆಗೆ ಆ ಮನೆಯನ್ನು ಅನುಭವಿಸುವ ಹಕ್ಕನ್ನು ಇಟ್ಟುಕೊಂಡು ದಾನ ಮಾಡುವುದಕ್ಕೆ ಅಡ್ಡಿಯಿಲ್ಲ, 2014ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ. ನಮ್ಮ ದಾನಪತ್ರದಲ್ಲಿ ಎರಡನ್ನೂ ಬರೆಸಿದೆವು. ಅಮ್ಮನ ಊಟ, ಬಟ್ಟೆ, ವಸತಿ, ಔಷಧೋಪಚಾರದ ಷರತ್ತು ಒಂದು, ಬದುಕಿರುವವರೆಗೆ ಮನೆಯಲ್ಲಿ ವಾಸಿಸುವ ಹಕ್ಕು ಒಂದು. ಕ್ರಯಪತ್ರದಲ್ಲೂ ವಾಸದ ಹಕ್ಕನ್ನು ಕಾಣಿಸಿದೆವು. ಋಣಭಾರ ಪ್ರಮಾಣಪತ್ರ (ಇಸಿ), ಇ-ಖಾತಾ, ಕಂದಾಯದ ರಸೀದಿ ಎಲ್ಲ ಹೊಂದಿಸಿ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ದಿನ ಗೊತ್ತುಮಾಡಿಕೊಂಡು, ಸಂಕ್ರಾಂತಿ ಕಳೆದ ಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದೆವು.

ಸಹಿಗೆ ಮೊದಲು ಅಮ್ಮ ಕನ್ನಡಕ ಹಾಕಿಕೊಂಡು ‘ಒಂದ್ಸಲ ಜೋರಾಗಿ ಓದಿ’ ಎಂದರು. ಪತ್ರ ಬರೆದವರು ಬೆಂಚಿನ ಮೇಲೆ ಕೂತೇ ಓದಿದರು. ‘ದಾನಿಯವರು ತಮ್ಮ ಜೀವಿತಾವಧಿಯವರೆಗೆ ಸದರಿ ಮನೆಯ ಮುಂದಿನ ಕೋಣೆ, ಅಡುಗೆಮನೆ ಮತ್ತು ನಡುಮನೆಯನ್ನು...’ ಎಂಬಲ್ಲಿಗೆ ಬಂದಾಗ ಅಮ್ಮ ಕೈ ಎತ್ತಿ ತಡೆದರು.

‘ಹಿತ್ಲು ಬಿಟ್ಟಿದೀರ. ಬಾವೀನೂ ಸೇರ್ಸಿ.’

ತಮ್ಮ ಎದ್ದು ಹೋಗಿ ಆ ಪುಟವನ್ನು ಮತ್ತೆ ಟೈಪು ಮಾಡಿಸಿಕೊಂಡು ಬಂದ.